ಮಂಚ ಸೋಫಾ ಆದ ಬೇಸಿಗೆ

ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ವಾರದಲ್ಲೇ ನನ್ನ ಹಿಂದೆ ನಮ್ಮ ಮಂಚವೂ ಲಾರಿಯಲ್ಲಿ ಬಂತು. ನಾನು ಕೇಳಿರಲಿಲ್ಲ. ಬ್ಯಾಂಕಿನವರು ನನ್ನನ್ನು ಬಂದರಿನ ಹತ್ತಿರದ ಶಾಖೆಗೆ ಹಾಕಿದ್ದರು. ಗಂಡ, ಮಗಳು, ಅತ್ತೆ ವಿಜಯವಾಡದಲ್ಲೇ ಉಳಿದರು. ಮಗಳಿಗೆ ಹತ್ತನೇ ಕ್ಲಾಸು, ಗಂಡನಿಗೆ ಅಲ್ಲೇ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸ.

"ನಿನಗೆ ಬೇರೆ ಕಡೆ ನಿದ್ದೆ ಬರಲ್ಲ. ಇರಲಿ, ಇಟ್ಕೋ. ಅಮ್ಮ ಇಲ್ಲಿಗೆ ಹೊಸದು ತಗೊಂಡ್ರು" ಎಂದರು ಗಂಡ ಫೋನಿನಲ್ಲಿ. ಅವರು ಆಂಧ್ರದವರು. ದಾವಣಗೆರೆಯಲ್ಲಿ ಓದುವಾಗ ಕಲಿತ ಕನ್ನಡವನ್ನು ಈಗ ನನ್ನ ಹತ್ತಿರ ಮಾತ್ರ ಆಡುತ್ತಾರೆ.

ಊರಂಚಿನ ಪೆಂಡುರ್ತಿಯಲ್ಲಿ ನಾನು ಹಿಡಿದದ್ದು ಒಂದು ಕೋಣೆ, ಒಂದು ಅಡುಗೆಮನೆ. ಮಂಚ ತೇಗದ್ದು, ಇಬ್ಬರು ಮಲಗುವಂಥದ್ದು, ಮದುವೆಯಲ್ಲಿ ಬಂದದ್ದು. ತಲೆಯ ಕಡೆಯ ಹಲಗೆಗೆ ಬಳ್ಳಿಯ ಕೆತ್ತನೆ. ಅದನ್ನು ಒಳಗೆ ತಂದಿಟ್ಟ ಮೇಲೆ ಕೋಣೆಯಲ್ಲಿ ಗೋಡೆಗೆ ಮೈ ಉಜ್ಜಿಕೊಂಡು ಓಡಾಡುವಷ್ಟು ಜಾಗ ಉಳಿಯಿತು. ಅದರ ಅಂಚಿನಲ್ಲಿ ಕೂತೇ ಊಟ, ಅಲ್ಲೇ ಲ್ಯಾಪ್‌ಟಾಪು, ಅಲ್ಲೇ ಫೋನು. ನಾನು ಒಂದು ಬದಿಯಲ್ಲಿ ಮಲಗಿದರೆ ಇನ್ನೊಂದು ಬದಿಯಲ್ಲಿ ಒಗೆದ ಬಟ್ಟೆ ಬಿದ್ದಿರುತ್ತಿತ್ತು. ಭಾನುವಾರ ಬಂದರೆ ಕೈಗೆ ಕೆಲಸವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಏಳುವುದು, ಕೂರುವುದು, ಕಿಟಕಿ ತೆಗೆಯುವುದು, ಮತ್ತೆ ಹಾಕುವುದು.

ಒಂದು ದಿನ ಆಫೀಸಿನ ಗೆಳತಿ ಗಂಡನ ಜೊತೆ ಬಂದಳು. ಇಬ್ಬರೂ ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ಹಾಗೆ ಕೂತು ಕಾಫಿ ಕುಡಿದು ಹೋದರು. ಅವರನ್ನು ಕಳಿಸಿ ಬಾಗಿಲು ಹಾಕುವಾಗಲೇ ಈ ಮಂಚ ಕುಯ್ಯಿಸಿ ಸೋಫಾ ಮಾಡಿಸಿಬಿಡಬೇಕು ಅನ್ನಿಸಿತು.

ಬಡಗಿ ಬಂದವನು ಕೆತ್ತನೆಯ ಮೇಲೆ ಕೈಯಿಟ್ಟು ನಿಂತ. "ಅಮ್ಮಾ, ಇದಿ ಪೆಳ್ಳಿ ಮಂಚಂ ಕದಾ. ಸಾರ್‌ಕಿ ಚೆಪ್ಪಾರಾ?" ಮದುವೆ ಮಂಚವಲ್ಲವೇ, ಸಾರ್‌ಗೆ ಹೇಳಿದ್ದೀರಾ ಎಂದು.

"ಮಂಚ ನನ್ನದು. ನೀನು ಕುಯ್ಯಪ್ಪ" ಎಂದೆ, ನನಗೆ ಬರುವ ತೆಲುಗಿನಲ್ಲಿ.

ಗರಗಸದ ಸದ್ದು ಶುರುವಾದಾಗ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದೆ. ಹೊರಗೆ ಬಂದಾಗ ತಲೆಹಲಗೆ ಒರಗುವ ಬೆನ್ನಾಗಿತ್ತು, ಕಾಲಿನ ಕಡೆಯ ಹಲಗೆ ಎರಡು ಕೈಗಳಾಗಿತ್ತು. ಅರ್ಧದಷ್ಟು ಹಲಗೆ ಮಿಕ್ಕಿ ಗೋಡೆಗೆ ಒರಗಿತ್ತು.

ಸ್ಪಂಜು, ಬಟ್ಟೆ ಹಾಕುವ ಕೆಲಸ ಬೇರೆಯವರಿಗೆ ಕೊಡಲಿಲ್ಲ. ಪೂರ್ಣಾ ಮಾರ್ಕೆಟ್ಟಿನ ಹತ್ತಿರ ದಪ್ಪ ಸ್ಪಂಜು, ಇಟ್ಟಿಗೆ ಬಣ್ಣದ ಸೋಫಾ ಬಟ್ಟೆ, ಪಿನ್ನು ಹೊಡೆಯುವ ಗನ್ನು ತಂದೆ. ವಿಡಿಯೋ ನೋಡುತ್ತ ನೋಡುತ್ತ ಬಟ್ಟೆ ಎಳೆದು ಪಿನ್ನು ಹೊಡೆದೆ. ಮೂಲೆಗಳಲ್ಲಿ ಸುಕ್ಕು ಬಂತು. ಸ್ಕ್ರೂಡ್ರೈವರಿನಿಂದ ಎಲ್ಲ ಪಿನ್ನು ಕಿತ್ತು ಮತ್ತೆ ಹೊಡೆದೆ, ಮತ್ತೆ ಕಿತ್ತೆ. ಬೆರಳು ನೋಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ಬಿಡಲಾಗಲಿಲ್ಲ. ರಾತ್ರಿಗೆ ಅದರ ಮೇಲೇ ಒರಗುತ್ತಿದ್ದೆ. ಒಬ್ಬಳಿಗೆ ಸಾಕಾಗುತ್ತಿತ್ತು. ಗಂಡನಿಗೆ ಹೇಳಬೇಕೆಂದುಕೊಂಡರೂ ಫೋನಿನಲ್ಲಿ ಪ್ರತಿಸಲ ಮಗಳ ಮಾರ್ಕ್ಸಿನ ಮಾತೇ ಮುಗಿಯುತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅವರೇ ಬಂದರು. ದುವ್ವಾಡದಲ್ಲಿ ರೈಲಿಳಿದು ಆಟೋ ಹಿಡಿದಿದ್ದರು. ಬ್ಯಾಗು ಕೈಯಲ್ಲೇ ಇತ್ತು.

"ಮಂಚ ಎಲ್ಲಿ?"

"ಇದೇ" ಎಂದೆ.

ಅವರು ಕೂರಲಿಲ್ಲ. ಬಳ್ಳಿಯ ಕೆತ್ತನೆಯನ್ನು ನೋಡಿದರು, ಗೋಡೆಗೆ ಒರಗಿದ್ದ ಹಲಗೆ ನೋಡಿದರು. "ಅಂದ್ರೆ ನಾನಿಲ್ಲಿ ಬಂದ್ರೆ ಮಲಗೋಕೆ ಜಾಗ ಇಲ್ಲ ಅಂತ."

ನನಗೆ ರೇಗಿತು. "ಯಾವತ್ತು ಮಲಗಿದ್ರಿ ಇಲ್ಲಿ? ಬೆಳಿಗ್ಗೆ ಬರ್ತೀರಿ, ಸಂಜೆ ರೈಲಿಗೆ ಹೊರಡ್ತೀರಿ. ನಿಮ್ಮ ಜಾಗದಲ್ಲಿ ಬಟ್ಟೆ ಮಲಗ್ತಿತ್ತು. ಅಷ್ಟು ದೊಡ್ಡ ಮಂಚ ಯಾಕ್ರೀ ಕಳಿಸಿದ್ರಿ ನನಗೆ?"

ಅವರು ಬ್ಯಾಗು ಕೆಳಗಿಟ್ಟರು. "ನನಗೆ ಅದರ ಮೇಲೆ ಒಬ್ಬನೇ ಮಲಗೋಕಾಗ್ಲಿಲ್ಲ. ಅದಕ್ಕೆ ಕಳಿಸಿದೆ. ಅಮ್ಮ ತಂದ ಹೊಸದರ ಮೇಲೂ ಆಗ್ತಿಲ್ಲ. ಹಾಲ್‌ನಲ್ಲಿ ಚಾಪೆ ಹಾಸ್ಕೋತೀನಿ."

"ನನಗೂ ಆಗಲ್ಲ ಅಂತ ಹೊಳೀಲೇ ಇಲ್ವಾ?"

"ನೀನು ಹೇಳ್ಲಿಲ್ಲ."

"ನೀವು ಹೇಳಿದ್ರಾ?"

ಅವರು ಸೋಫಾದ ತುದಿಯಲ್ಲಿ ಕೂತು, ಸ್ವಲ್ಪ ಹಿಂದೆ ಸರಿದು ಒರಗಿದರು. ನಾನು ಕಾಫಿ ತರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು, ಶೂಸು ಕೂಡ ಬಿಚ್ಚದೆ. ಕಾಫಿ ಆರಿತು. ಎಬ್ಬಿಸಲಿಲ್ಲ.

ಮಧ್ಯಾಹ್ನ ಎದ್ದವರು ಸಂಜೆಯ ರೈಲಿನ ಮಾತೆತ್ತಲಿಲ್ಲ. ಮಿಕ್ಕ ಹಲಗೆ ತಿರುಗಿಸಿ ನೋಡಿ, "ಇದಕ್ಕೆ ಕಾಲು ಹಾಕಿಸಿದ್ರೆ ಒಂದು ಬೆಂಚಾಗುತ್ತೆ" ಎಂದರು. ಬಡಗಿಯನ್ನು ಕರೆಸಿದೆವು. ಅವನು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಏನೂ ಕೇಳದೆ ಮೊಳೆ ಹೊಡೆದ. ಭಾನುವಾರ ಇಬ್ಬರೂ ಸೇರಿ ಅದಕ್ಕೆ ಸ್ಪಂಜು ಹಾಕಿದೆವು. ಅವರು ಬಟ್ಟೆ ಎಳೆದು ಹಿಡಿಯುತ್ತಿದ್ದರು, ನಾನು ಪಿನ್ನು ಹೊಡೆಯುತ್ತಿದ್ದೆ. "ಸರಿಯಾಗಿ ಎಳೀರಿ" ಎಂದು ನಾನು, "ಬೆರಳಿದೆ ಅಮ್ಮಾ ಇಲ್ಲಿ" ಎಂದು ಅವರು. ಬೆಂಚು ಸೋಫಾಕ್ಕಿಂತ ಒಂದು ಬೆರಳು ಎತ್ತರವಾಯಿತು. ಎರಡನ್ನೂ ಜೋಡಿಸಿದರೆ ನಡುವೆ ಅಂಚು ಚುಚ್ಚುತ್ತದೆ. ಆದರೂ ಇಬ್ಬರು ಮಲಗಬಹುದು.

ಆಮೇಲೆ ಅವರು ಬಂದಾಗಲೆಲ್ಲ ಒಂದು ರಾತ್ರಿ ಉಳಿದು ಹೋಗುತ್ತಿದ್ದರು. ಪರೀಕ್ಷೆ ಮುಗಿಸಿ ಮಗಳೂ ಬಂದಳು. ಬೆಂಚಿನ ಮೇಲೆ ಕಾಲು ಚಾಚಿ, "ಅಮ್ಮಾ, ಚಾಲಾ ಬಾಗುಂದಿ" ಎಂದಳು. ತುಂಬ ಚೆನ್ನಾಗಿದೆ ಅಂತ ಕನ್ನಡದಲ್ಲಿ ಹೇಳೇ ಎಂದರೆ, "ತುಂಬ ಬಾಗುಂದಿ" ಎಂದು ನಕ್ಕಳು.

ವಿಜಯವಾಡಕ್ಕೆ ವಾಪಸು ಹಾಕಿ ಎಂದು ಬ್ಯಾಂಕಿಗೆ ಬರೆದಿದ್ದೆ, ಈ ಸಲದ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದು ಗೊತ್ತಾದ ಸಂಜೆ ಮನೆಗೆ ಬಂದು ಬಹಳ ಹೊತ್ತು ನಿಂತೇ ಇದ್ದೆ. ಆಮೇಲೆ ಕೆಳಗಿಳಿದು, ಮೆಟ್ಟಿಲ ಕೆಳಗೆ ಬಿದ್ದಿದ್ದ ಬೆತ್ತ ಹರಿದ ಕುರ್ಚಿ ನಾನು ತಗೊಳ್ಳಲಾ ಎಂದು ಮನೆ ಓನರಮ್ಮನನ್ನು ಕೇಳಿದೆ. ತಗೊಳ್ಳಿ ಎಂದರು. ಕುರ್ಚಿಯನ್ನು ಮೇಲೆ ಹೊತ್ತು ತಂದು, ಪಿನ್ನು ಹೊಡೆಯುವ ಗನ್ನು ಹುಡುಕಿದೆ.