ನನ್ನ ತೂಕಕ್ಕೆ ಹೊಂದಿಸಿದ ಸೈಕಲ್ಲು

ನಮ್ಮವರ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಗಂಟೆ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಚಕ್ರಗಳ ಮೇಲೆ ಮಡ್‌ಗಾರ್ಡ್ ಇರಲಿಲ್ಲ. ಮೊದಲ ಸಲ ನೋಡಿದವರು ಕಳ್ಳರು ಬಿಚ್ಚಿಕೊಂಡು ಹೋಗಿ ಉಳಿದದ್ದು ಇಷ್ಟೇ ಇರಬೇಕು ಎಂದುಕೊಳ್ಳುತ್ತಿದ್ದರು. ಎಂಬತ್ತರ ದಶಕದಲ್ಲಿ ಗಂಡ ಹೆಂಡತಿ ನಾವಿಬ್ಬರೂ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಸೈಕಲ್ ಆಟ ಮಾಡುತ್ತ ತಿರುಗಿದೆವು. ಊರಿಂದ ಊರಿಗೆ ಆ ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡೇ ಹೋಗಬೇಕಿತ್ತು. ದಾರಿ ಸವೆಸಲು ಅದು ನಾಲಾಯಕ್ಕು. ಇದ್ದ ಜಾಗದಲ್ಲೇ ಸುತ್ತಲು ಅದರಂಥದ್ದು ಇನ್ನೊಂದಿರಲಿಲ್ಲ.

ಆಟವೆಂದರೆ ಮೂರು ದಿನದ ಆಟ. ನಮ್ಮವರು ಮುಂಜಾನೆ ಊರ ಹಿರಿಯರಿಂದ ಹಾರ ಹಾಕಿಸಿಕೊಂಡು ಸೈಕಲ್ ಹತ್ತಿದರೆ ಮೂರನೆಯ ದಿನ ಹೊತ್ತು ಮುಳುಗುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ. ಊಟ, ಸ್ನಾನ, ಗಡ್ಡ ಹೆರೆದುಕೊಳ್ಳುವುದು ಎಲ್ಲ ಅದರ ಮೇಲೆಯೇ. ನಿದ್ದೆ ಬಂದರೆ ನಡುವೆ ನೆಟ್ಟ ಕಂಬಕ್ಕೆ ಭುಜ ಆನಿಸಿ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದರು. ಉಳಿದದ್ದನ್ನು ಹೇಗೆ ಮಾಡುತ್ತಾರೆ ಎಂದು ಹೆಂಗಸರು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಪರದೆ ಹಿಡಿಯಲು ನಾನಿದ್ದೆ, ಅಷ್ಟು ಸಾಕು. ಜನ ಹೊಲದಿಂದ ಬಂದ ಮೇಲೆ, ಸಂಜೆ, ನಿಜವಾದ ಆಟ. ಮೂರು ದಿನದೊಳಗೆ ಎಲ್ಲಿಯಾದರೂ ಕಾಲು ನೆಲಕ್ಕೆ ತಾಗಿತೋ, ಹಾರ ತೆಗೆದಿಟ್ಟು ಊರು ಬಿಡಬೇಕು. ಅದನ್ನು ಯಾರೂ ಬರೆದಿರಲಿಲ್ಲ, ಆದರೆ ಎಲ್ಲ ಊರಿನವರಿಗೂ ಗೊತ್ತಿತ್ತು.

ನೆಲದ ವಿಷಯದಲ್ಲಿ ನಮ್ಮವರದು ಬಹಳ ಹಟ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಚಕ್ರವನ್ನು ನುಂಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯುತ್ತದೆ. ಆದ್ದರಿಂದ ಸುಗ್ಗಿ ಮುಗಿಯುವುದನ್ನೇ ಕಾಯುತ್ತಿದ್ದರು. ರಾಶಿ ಎತ್ತಿದ ಮೇಲೆ ಉಳಿಯುವ ಕಣ ಬೇಕು ಅವರಿಗೆ. ಬಡಿದು, ಸಗಣಿ ಸಾರಿಸಿ, ಎತ್ತುಗಳು ತುಳಿದು ತುಳಿದು ಗಟ್ಟಿಯಾದ ಕಣ. ಚಪ್ಪಲಿಯನ್ನು ಕಣದ ಹೊರಗೇ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಪೆಡಲಿನ ಮೇಲೆ ಕಾಲಿಡುತ್ತಿದ್ದರು.

ಸೈಕಲ್ಲಿನ ಹಟಗಳು ಅದಕ್ಕಿಂತ ಹೆಚ್ಚು. ಹಿಂದಿನ ಚಕ್ರದ ಫ್ರೀವೀಲಿಗೆ ಬೆಸುಗೆ ಹಾಕಿಸಿ ಬಿಗಿ ಮಾಡಿದ್ದರು. ಮುಂದೆ ತುಳಿದರೆ ಮುಂದೆ, ಹಿಂದೆ ತುಳಿದರೆ ಹಿಂದೆ. ಬ್ರೇಕಿನ ಕಂಬಿಗಳಿದ್ದರೆ ಹ್ಯಾಂಡಲ್ ಪೂರ್ತಿ ಸುತ್ತುವುದಿಲ್ಲ, ಅದಕ್ಕೇ ಬ್ರೇಕ್ ಕಿತ್ತಿದ್ದು. ಸೀಟು ಇಳಿಸಿ ಅದರ ಮೂತಿಯನ್ನು ಮೇಲಕ್ಕೆತ್ತಿದ್ದರು. ಹ್ಯಾಂಡಲ್ಲಿನ ರಬ್ಬರು ಹಿಡಿಕೆ ಕಂಡರೆ ಅವರಿಗಾಗುತ್ತಿರಲಿಲ್ಲ, ಬೆವರಿಗೆ ಜಾರುತ್ತದೆ ಎಂದು. ಹಳೇ ಧೋತರದ ಅಂಚು ಹರಿದು ಸುತ್ತಿದ್ದರು. ಹಿಂದಿನ ಅಚ್ಚಿನ ಎರಡೂ ಬದಿಗೆ ಗೇಣುದ್ದದ ಕಬ್ಬಿಣದ ಕೊಳವೆ ತುಂಡುಗಳನ್ನು ಕೂಡಿಸಿ, ಅರದಿಂದ ಉಜ್ಜಿ ಒರಟು ಮಾಡಿದ್ದರು. ಅವು ನನ್ನ ಪಾದಗಳಿಗಾಗಿ. ನಟ್ಟು ತಿರುವುವ ಪಾನಾ ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ, ನನ್ನ ಕೈಗೂ.

ಹವಾ ಹೊಡೆಯುವುದು ಒಂದು ಪೂಜೆಯೇ. ಹಿಂದಿನ ಟೈರು ಕಲ್ಲಿನಂತಿರಬೇಕು. ಮುಂದಿನದು ಹೆಬ್ಬೆರಳು ಒತ್ತಿದರೆ ಒಂದಿಷ್ಟು ಇಳಿಯಬೇಕು. ಎಷ್ಟು ಇಳಿಯಬೇಕು ಎಂಬುದು ನನ್ನ ತೂಕದ ಮೇಲೆ ನಿಂತಿತ್ತು. ನಲವತ್ತೆರಡು ಕಿಲೋ. ಅಣ್ಣಿಗೇರಿಯ ಕಾಳಿನ ಅಂಗಡಿಯೊಂದರಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿಯಿತ್ತು. ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನನ್ನು ಅದರ ಮೇಲೆ ಕೂರಿಸಿ ತೂಗಿಸುತ್ತಿದ್ದರು. ಹಮಾಲರು ನಗುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಆ ನಗೆಗೆ ಸಿಟ್ಟು ಬರುತ್ತಿರಲಿಲ್ಲ. ಇಡೀ ಸೈಕಲ್ಲು ನನ್ನ ತೂಕಕ್ಕೆ ಹೊಂದಿಕೊಂಡು ನಿಂತಿದೆ ಎನ್ನುವುದು ನನಗೆ ಸಣ್ಣ ಹೆಮ್ಮೆಯಾಗಿರಲಿಲ್ಲ.

ನನ್ನ ಪಾಲಿನ ಆಟ ಇದು: ಅವರು ಸುತ್ತುತ್ತಿರುವಾಗ ಓಡಿ ಹೋಗಿ ಹಿಂದಿನ ಕೊಳವೆಗಳ ಮೇಲೆ ನಿಲ್ಲುವುದು, ಅಲ್ಲಿಂದ ಅವರ ಹೆಗಲ ಮೇಲೆ ಏರುವುದು, ಏರಿ ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನಿಲ್ಲುವುದು. ಆಗ ಅವರು ಹ್ಯಾಂಡಲ್ ತಿರುವಿ ಹಿಮ್ಮುಖವಾಗಿ ಸುತ್ತುತ್ತಿದ್ದರು. ಒಂದು ಹನಿ ಚೆಲ್ಲಬಾರದು. ಗಂಡನ ಹೆಗಲಿಗೆ ಹೆಂಡತಿಯ ಕಾಲು ತಾಗುವುದು ಪಾಪವಲ್ಲವೇ. ಅದಕ್ಕೆ ಏರುವ ಮೊದಲು ಎರಡೂ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ನನ್ನನ್ನು ತಾಯಿಯ ತಮ್ಮನಿಗೇ ಕೊಟ್ಟಿದ್ದರು, ಹಾಗಾಗಿ ತಾಯಿಯ ತಾಯಿ, ನನ್ನ ಆಯಿಯೇ, ನನಗೆ ಅತ್ತೆ. ಅವಳು ಮಾತ್ರ ಬಿಡುತ್ತಿರಲಿಲ್ಲ. "ಎಲ್ಲಾರ ಮನ್ಯಾಗ ಸೊಸಿ ಮಾತಿಗೆ ಗಂಡನ ತಲಿ ಮ್ಯಾಲೆ ಹತ್ತತಾಳ. ನಮ್ಮ ಮನ್ಯಾಗ ಖರೇನ ಹತ್ಯಾಳವಾ" ಎಂದು ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದಳು.

ನಮ್ಮದು ಕುರಿ ಮೇಯಿಸುವ ಮನೆ. ಹುಟ್ಟಿದಾಗಿನಿಂದ ನಾನು ಜಗತ್ತನ್ನು ಕುರಿಗಳ ಬೆನ್ನಿನ ಎತ್ತರದಿಂದಲೇ ನೋಡಿದವಳು. ಹೆಗಲ ಮೇಲೆ ನಿಂತಾಗ ಮೇಲ್ಮುದ್ದೆಯ, ಮಣ್ಣಿನ ಸಪಾಟು ಚಾವಣಿಯ ಮನೆಗಳ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ಯಾರ ಮನೆಯ ಮೇಲೆ ಮೆಣಸಿನಕಾಯಿ ಒಣಗಿದೆ, ಯಾರ ಮನೆಯ ಮುದುಕಿ ಒಬ್ಬಳೇ ಕುಳಿತು ಎಲೆಯಡಿಕೆ ಮೆಲ್ಲುತ್ತಾಳೆ, ಎಲ್ಲ. ಕೆಳಗೆ ಊರಿನ ಗೌಡರೂ ಕತ್ತೆತ್ತಿ ನನ್ನನ್ನು ನೋಡಬೇಕು. ಆ ಜಾಗ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಊಟಕ್ಕಿಂತ ಹೆಚ್ಚು ಬೇಕಾಗಿತ್ತು.

ನಮ್ಮವರಿಗೆ ಆಟ ಕಲಿಸಿದವನು ಒಂದು ಮಾತು ಹೇಳಿಕೊಟ್ಟಿದ್ದ: ಬಸುರಿಯಾದವಳು ಹೆಗಲಿನಿಂದ ಇಳಿಯಬೇಕು, ಹೆತ್ತವಳು ಮತ್ತೆ ಏರಬಾರದು. ಮೈಯ ತೂಕ ಇರುವ ಜಾಗವೇ ಬದಲಾಗುತ್ತದಂತೆ. ಮದುವೆಯಾದ ಹೊಸದರಲ್ಲೇ ನಮ್ಮವರು ಅದನ್ನು ನನಗೆ ಹೇಳಿದ್ದರು. ಬೆದರಿಸಲು ಹೇಳಿದ್ದಲ್ಲ, ಚೈನಿಗೆ ಎಣ್ಣೆ ಎಷ್ಟು ಬಿಡಬೇಕು ಎಂದು ಹೇಳುವ ಹಾಗೆ ಹೇಳಿದ್ದರು.

ಮೂರನೆಯ ವರ್ಷದ ಸುಗ್ಗಿಯ ಹೊತ್ತಿಗೆ ನಾನು ಎರಡು ತಿಂಗಳು ಮುಟ್ಟಾಗಿರಲಿಲ್ಲ. ಯಾರಿಗೂ ಹೇಳಲಿಲ್ಲ. ಈ ಒಂದು ಸುಗ್ಗಿ ದಾಟಲಿ, ಕಣಗಳೆಲ್ಲ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹೊಟ್ಟೆ ಕಾಣುವ ಭಯ ಇನ್ನೂ ಇರಲಿಲ್ಲ, ತಕ್ಕಡಿಯ ಭಯವಿತ್ತು. ಅದಕ್ಕೆ ಊಟ ಕಡಿಮೆ ಮಾಡಿದೆ. ಎರಡು ರೊಟ್ಟಿ ತಿನ್ನುತ್ತಿದ್ದವಳು ಒಂದಕ್ಕೆ ಬಂದೆ, ಒಂದರಿಂದ ಅರ್ಧಕ್ಕೆ. ವಾಂತಿಯನ್ನು ಪಿತ್ತ ಎಂದೆ. ಬಸುರಿಗೆ ಎರಡು ಜೀವದ ಹಸಿವು ಎನ್ನುತ್ತಾರೆ. ನಾನು ಒಂದು ಜೀವಕ್ಕೂ ಸಾಲದಷ್ಟು ಉಂಡೆ.

ದುಮ್ಮವಾಡದಲ್ಲಿ ಮೊದಲ ಸಂಜೆ ಕೊಡ ಹೊತ್ತು ನಿಂತಾಗ ನನ್ನ ಮೊಣಕಾಲು ನಡುಗಿತು. ಹೊರಗೆ ಕಾಣುವಂಥ ನಡುಕವಲ್ಲ. ಆದರೆ ಅದು ನನ್ನ ಪಾದದಿಂದ ಅವರ ಹೆಗಲಿಗೆ, ಹೆಗಲಿನಿಂದ ತೋಳಿಗೆ, ತೋಳಿನಿಂದ ಹ್ಯಾಂಡಲ್ಲಿಗೆ ಇಳಿಯಿತು. ಆಟವೇನೋ ಮುಗಿಯಿತು. ನಾನು ಇಳಿದ ಮೇಲೂ ಅವರು ಸುತ್ತುತ್ತಲೇ ಹ್ಯಾಂಡಲನ್ನು ನೋಡಿಕೊಳ್ಳುತ್ತಿದ್ದರು.

"ಹ್ಯಾಂಡಲ್ ನಡಗಾಕತ್ತೈತಿ" ಎಂದರು. "ನಿನಗ ಮ್ಯಾಲೆ ಏನರ ಅನಿಸ್ತೇನು?"

"ಇಲ್ರಿ" ಎಂದೆ. "ಸೈಕಲ್ಲಿಂದ ಇರಬೇಕ್ರಿ."

ಇದು ನಾನಾಡಿದ ಮಾತು. ಅವರು ನಂಬಿದರು. ನನ್ನನ್ನು ನಂಬದೆ ಇರುವುದು ಅವರಿಗೆ ಗೊತ್ತಿರಲಿಲ್ಲ.

ಮೂರು ದಿನ ಮುಗಿದು ಕೆಳಗಿಳಿದವರೇ ಸೈಕಲ್ ಬಿಚ್ಚಿದರು. ಹ್ಯಾಂಡಲ್ ಬುಡದ ಬೇರಿಂಗ್ ಗುಂಡುಗಳನ್ನೆಲ್ಲ ತೆಗೆದು ಹೊಸವು ಹಾಕಿದರು. ಅಣ್ಣಿಗೇರಿಯಲ್ಲಿ ನನ್ನನ್ನು ಮತ್ತೆ ತಕ್ಕಡಿಗೆ ಕೂರಿಸಿದರು. ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತು. "ಅಗದಿ ಬರೋಬ್ಬರಿ ಐತಿ ಬೇ, ನಿಂದೇನೂ ತಪ್ಪಿಲ್ಲ" ಎಂದು ಬೆನ್ನು ತಟ್ಟಿದರು. ನಾನು ಖುಷಿಪಟ್ಟೆ. ದೇವರಾಣೆ, ಆಗ ಖುಷಿಯೇ ಆಗಿತ್ತು ನನಗೆ.

ಮುಂದಿನ ಊರಿನಲ್ಲೂ ನಡುಕ ಹೋಗಲಿಲ್ಲ. ಫೋರ್ಕ್ ಬದಲಿಸಿದರು. ಅದರ ಮುಂದಿನ ಊರಿನಲ್ಲಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮಿಡಿದು ನೋಡಿ ಬೆಂಡು ತೆಗೆದರು. ಸೀಟು ಒಂದು ಬೆರಳು ಮೇಲೆ, ಮತ್ತೆ ಒಂದು ಬೆರಳು ಕೆಳಗೆ. ಧೋತರದ ಅಂಚು ಬಿಚ್ಚಿ, ತಮಗಾಗದ ಆ ರಬ್ಬರು ಹಿಡಿಕೆಗಳನ್ನೇ ತಂದು ಹಾಕಿ ನೋಡಿದರು. ವರ್ಷಗಟ್ಟಲೆ ಕೂತು ಹೊಂದಿಸಿದ್ದ ಸೈಕಲ್ಲನ್ನು ಅವರು ನನ್ನ ಕಣ್ಣ ಮುಂದೆಯೇ ಒಂದೊಂದು ತಿರುವಾಗಿ ಕೆಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ನಟ್ಟುಗಳನ್ನು ತಟ್ಟೆಯಲ್ಲಿ ಹಿಡಿದಿದ್ದೆ. ಕೊನೆಗೊಂದು ದಿನ ಪಾನಾ ಕೆಳಗಿಟ್ಟು, ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ ಬಿಸಿಲಿಗೆ ಹಿಡಿದು ನೋಡಿಕೊಂಡರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಎರಡೇ ಊರು ಉಳಿದಿವೆ ಎಂದು ಸುಮ್ಮನಾದೆ.

ಯಮನೂರಿನ ಕಣ ಆ ವರ್ಷ ನಾವು ನೋಡಿದ್ದರಲ್ಲೇ ಒಳ್ಳೆಯದು. ದರ್ಗಾಕ್ಕೆ ಹರಕೆ ಹೊತ್ತು ಬಂದವರೂ ಸೇರಿ ಬಹಳ ಜನ ಕೂಡಿದ್ದರು. ಎರಡನೆಯ ಸಂಜೆ. ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಂಡು ಏರಿದೆ, ಕೊಡ ಇಟ್ಟುಕೊಂಡೆ. ಅವರು ಹ್ಯಾಂಡಲ್ ತಿರುವಿ ಹಿಂದಕ್ಕೆ ತುಳಿಯತೊಡಗಿದರು. ಎರಡು ಸುತ್ತು ಆಯಿತು. ಮೂರನೆಯದಕ್ಕೆ ಮಾಳಿಗೆಗಳೆಲ್ಲ ಬೆಳ್ಳಗಾದವು, ಕೊಡ ತಲೆಯಿಂದ ಹೋಯಿತು, ಅದರ ಹಿಂದೆ ನಾನು. ಸಗಣಿ ಸಾರಿಸಿದ ಆ ನೆಲ ಎಷ್ಟು ಗಟ್ಟಿಯಿತ್ತು ಎಂದು ನನ್ನ ನಡುವಿಗೆ ತಿಳಿಯಿತು.

ಅವರು ಸೈಕಲ್ಲನ್ನು ಬಿಟ್ಟು ನನ್ನ ಕಡೆ ಹಾರಿದರು. ನನ್ನ ತಲೆ ಅವರ ಕೈಯಲ್ಲಿದ್ದಾಗ ಸುತ್ತಲಿನ ಕೂಗು ಕೇಳಿಸಿತು. ಯಾರೂ ನನ್ನ ಬಗ್ಗೆ ಕೂಗುತ್ತಿರಲಿಲ್ಲ. "ಕಾಲ ಇಟ್ಟ! ಲೇ, ಕಾಲ ಇಟ್ಟ!" ಎನ್ನುತ್ತಿದ್ದರು.

ಅವರು ಎದ್ದು, ತಾವೇ ಹಾರ ತೆಗೆದು ಕಂಬಕ್ಕೆ ಹಾಕಿ, ಕೈಮುಗಿದರು. "ಸೈಕಲ್ಲ ಸರಿ ಇರಲಿಲ್ರಿ" ಎಂದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಎಲ್ಲರಿಗೂ ಕೇಳುವಂತೆ, "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ" ಎಂದ. ಜನ ಹೋ ಎಂದು ನಕ್ಕರು. ನಮ್ಮವರು ಆ ಮುದುಕನ ಮುಖ ನೋಡಿ, "ಖರೇ ಐತ್ರಿ ಕಾಕಾ" ಎಂದರು. ಆವತ್ತಿನಿಂದ ಅವರು ಸೈಕಲ್ಲನ್ನು ದೂರಲಿಲ್ಲ, ತಮ್ಮ ಕೈಗಳನ್ನೇ ದೂರಿದರು.

ಊರಿಗೆ ಬಂದ ಎರಡನೆಯ ದಿನ ನನಗೆ ರಕ್ತ ಹೋಗತೊಡಗಿತು. ನಮ್ಮವರು ಕುರಿಯ ಕಡೆ ಹೋಗಿದ್ದರು. ಆಯಿ ಒಂದೇ ಸಲ ನೋಡಿ ಎಲ್ಲ ತಿಳಿದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಟ್ಟೆಗಳನ್ನು ತಾನೇ ಹಿತ್ತಿಲಿಗೆ ಒಯ್ದು ಹುಗಿದು ಬಂದು, ಬಿಸಿನೀರು ಕಾಯಿಸಿ, ನನ್ನ ಪಕ್ಕ ಕುಳಿತಳು.

"ನಾ ಹೇಳತೇನಿ ಆಯಿ ಅವರಿಗೆ" ಎಂದೆ. "ಅವರ ಕೈದು ಏನೂ ತಪ್ಪಿಲ್ಲ, ನನ್ನ ಕಾಲು ನಡಗತಿದ್ವು ಅಂತ ಹೇಳತೇನಿ."

"ಯಾಕ ನಡಗಿದ್ವು ಅಂತ ಕೇಳಿದ್ರ ಏನ ಹೇಳ್ತಿ?" ಎಂದಳು. "ತನ್ನ ಹೆಗಲ ಮ್ಯಾಲಿಂದ ತನ್ನ ಕೂಸು ಬಿತ್ತು ಅಂತ ಗೊತ್ತಾದ್ರ ಬದಕ್ತಾನೇನು ಅಂವಾ? ಕೈ ಹೋತು ಅಂದ್ಕೊಂಡರ ಇರಲಿ. ಬಾಯಿ ಮುಚ್ಚಿಗೊಂಡಿರು."

ನಾನು ಬಾಯಿ ಮುಚ್ಚಿಕೊಂಡೆ. ತಿಂಗಳಿನದು ಈ ಸಲ ಜಾಸ್ತಿಯಾಗಿದೆ ಎಂದು ಆಯಿಯೇ ಅವರಿಗೆ ಹೇಳಿದಳು.

ಅದೇ ವಾರ ಅವರು ಸೈಕಲ್ಲಿಗೆ ಬ್ರೇಕ್ ಕೂಡಿಸಿದರು. ಬೆಸುಗೆ ಹಾಕಿದ ಫ್ರೀವೀಲ್ ತೆಗೆದು ಸಾದಾದು ಹಾಕಿದರು. ಹಿಂದಿನ ಕೊಳವೆ ತುಂಡುಗಳನ್ನು ಬಿಚ್ಚಿದರು. ಕ್ಯಾರಿಯರ್ ಬಂತು, ಗಂಟೆ ಬಂತು. ಒಂದು ದಿನದಲ್ಲಿ ಅದು ಹಾಲು ಹಾಕುವವರ ಸೈಕಲ್ಲಿನಂತಾಯಿತು, ಸ್ವಲ್ಪ ದಿನದಲ್ಲಿ ಹಾಲು ಹಾಕುವವರೊಬ್ಬರ ಮನೆಗೇ ಹೋಯಿತು. ನನಗೆ ಒಳಗೊಳಗೇ ಒಂದು ಆಸೆಯಿತ್ತು, ಎರಡು ವರ್ಷ ಬಿಟ್ಟಾದರೂ ಮತ್ತೆ ಮಾಡುತ್ತಾರೇನೋ ಎಂದು. ಅಷ್ಟರಲ್ಲಿ ಪಂಚಾಯ್ತಿಗೆ ಟಿವಿ ಬಂತು, ಜನ ಅದರ ಮುಂದೆ ಕುಳಿತರು. ನಮ್ಮವರು ಬಸ್‌ಸ್ಟ್ಯಾಂಡಿನ ಬಾಜು ಸೈಕಲ್ ರಿಪೇರಿಗೆ ಕುಳಿತರು. ಊರವರ ಸೈಕಲ್ಲುಗಳ ಬೆಂಡು ತೆಗೆಯುವುದರಲ್ಲಿ ಅವರ ಕೈ ಮೀರಿಸುವವರಿರಲಿಲ್ಲ. ಬಂದವರು ಹೊಗಳಿದರೆ ತಲೆಯಾಡಿಸುತ್ತಿದ್ದರು, ನಂಬುತ್ತಿರಲಿಲ್ಲ.

ಮುಂದೆ ನಮಗೊಬ್ಬ ಮಗ ಹುಟ್ಟಿದ. ಎರಡು ವರ್ಷದವನಾದಾಗ ಒಂದು ದಿನ ಮೂವರೂ ಸಂತೆಗೆ ಹೊರಟಿದ್ದೆವು. ಗದ್ದಲದಲ್ಲಿ ಮಗು ಅಳತೊಡಗಿತು. ಸುತ್ತಲಿನ ಗಂಡಸರೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದರು. ನನಗೆ ಕೈಯಲ್ಲಿ ಚೀಲ, ಬಿಸಿಲು, ತಲೆ ಕೆಟ್ಟಿತ್ತು.

"ಅವನ್ನ ಒಂದೀಟ ಹೆಗಲ ಮ್ಯಾಲೆ ಕುಂದ್ರಿಸಿಕೊಳ್ರಿ" ಎಂದೆ.

ಅವರು ಅಲ್ಲೇ ನಿಂತರು. ಮಗುವಿನ ಕಡೆ ಕೈ ಚಾಚಿದವರು ಹಿಂದೆಗೆದರು.

"ಬ್ಯಾಡ" ಎಂದರು. "ನನ್ನ ಕೈ ನಡಗತಾವ. ಯಮನೂರಾಗ ನೀನ ನೋಡಿಯಲ್ಲ?"

ಅವರ ಕೈಗಳು ನಡುಗುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು, ಏನಾದರೂ ಹೇಳುತ್ತೇನೇನೋ ಎಂದು.

"ಹೌದ್ರಿ" ಎಂದೆ, "ನಡಗಿದ್ವು." ಚೀಲವನ್ನು ಅವರ ಕೈಗೆ ಕೊಟ್ಟು ಮಗುವನ್ನು ನಾನೇ ಎತ್ತಿಕೊಂಡೆ.