ಗುರಪ್ಪ ಕಾಕಾನ ಹೆಬ್ಬೆರಳು

ಗುರಪ್ಪ ಕಾಕಾ ಕೆಲಸಕ್ಕೆ ಕೂತರೆ ಮೊದಲು ಕಣ್ಣು ಮುಚ್ಚುತ್ತಿದ್ದರು. ಬನಹಟ್ಟಿಯ ಪವರ್‌ಲೂಮ್ ರಿಪೇರಿ ಮಾಡುತ್ತಲೇ ಅವರ ತಲೆ ನರೆತಿತ್ತು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನ ಬಾಗಿಲಲ್ಲೇ ನಿಂತು, "ಆ ಮೂಲ್ಯಾಗಿಂದು ಕುಂಟಾಕತ್ತೈತಿ ನೋಡ್ರಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ಅದೇ ಮಗ್ಗ ಕೆಟ್ಟಿರುತ್ತಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಯ ಮಿಕ್ಸರ್ ನಿಂತರೂ ಅವರಿಗೇ ಕರೆ. ಕಾರು ಮಾತ್ರ ಅವರಿಗೆ ಓಡಿಸಲೂ ಬರುತ್ತಿರಲಿಲ್ಲ.

ನನ್ನ ಕಾರು ಹಟ ಹಿಡಿದದ್ದು ಅವ್ವನ ಡಯಾಲಿಸಿಸ್ ಶುರುವಾದ ಮೇಲೆ. ವಾರಕ್ಕೆ ಮೂರು ಸಲ ಅವಳನ್ನು ಜಮಖಂಡಿಗೆ ಕರೆದೊಯ್ಯಬೇಕು, ಬಸ್ಸು ಹತ್ತುವ ಶಕ್ತಿ ಅವಳಿಗಿಲ್ಲ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಗಾಡಿ ಬಂಕಿನಲ್ಲೇ ನಿಂತುಬಿಡುತ್ತಿತ್ತು, ಎಷ್ಟು ಹೊತ್ತು ಕೀಲಿ ತಿರುವಿದರೂ ಶುರುವಾಗುತ್ತಿರಲಿಲ್ಲ. ಎಂಜಿನ್ ದೀಪ ಆರುವುದಿಲ್ಲ, ಒಳಗೆಲ್ಲ ಪೆಟ್ರೋಲ್ ವಾಸನೆ, ಅವ್ವನಿಗೆ ವಾಂತಿ. ಗ್ಯಾರೇಜಿನವನು, "ಒಂದ್ ವಾರ ಬಿಟ್ಟು ಹೋಗ್ರಿ" ಎಂದ. ಅಲ್ಲಿಯವರೆಗೆ ಅವ್ವ ಉಳಿಯಬೇಕಲ್ಲ!

ಭಾನುವಾರ ಕಾಕಾ ಬಂದರು. ಹೊಗೆ ಬಿಟ್ಟು ಸೋರುವ ಜಾಗ ಹುಡುಕುವ ವಿಡಿಯೋ ನೋಡಿದ್ದ ನಾನು ಮಹಾ ಪಂಡಿತನಂತೆ ಊದಿನಕಡ್ಡಿ ಹಿಡಿದು ನಿಂತಿದ್ದೆ. ಅವರು ಕಸಿದುಕೊಂಡರು.

"ಪೆಟ್ರೋಲ್ ಮುಂದ ಊದಿನಕಡ್ಡಿನಾ? ಯಾರ ಪೂಜಿ ಮಾಡಾಂವ ಅದಿ ತಮ್ಮಾ, ನಂದೋ ನಿಂದೋ?"

ಆಮೇಲೆ, "ಪೆಟ್ರೋಲ್ ಹಾಕಿದಾಗಷ್ಟ ನಿಂದರತೈತಿ. ಟಾಕ್ಯಾಗಿನ ಆವಿ ಎಲ್ಲಿ ಹೋಗತೈತಿ, ಓದು" ಎಂದರು. ಫೋನು ನೋಡಿ ಓದಿದೆ. ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಇದ್ದಿಲು ತುಂಬಿದ ಒಂದು ಡಬ್ಬಿ ಅದನ್ನು ಹಿಡಿದಿಡುತ್ತದೆ. ಎಂಜಿನ್ ಕಾದು ಗಾಡಿ ಓಡುವಾಗ ಒಂದು ಪುಟ್ಟ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೆ ಬಿಡುತ್ತದೆ.

"ಹಂಗಾರ ಚಾಲೂ ಮಾಡಿದ್ರೂ, ಎಂಜಿನ್ ಇನ್ನೂ ತಣ್ಣಗಿದ್ದು ಗಾಡಿ ನಿಂತಲ್ಲೇ ಇದ್ದಾಗ ಅದು ಮುಚ್ಚಿರಬೇಕು. ಹೌದಲ್ಲೋ? ಚಾಲೂ ಮಾಡು."

ಚಾಲೂ ಮಾಡಿದೆ. ಕಾಕಾ ಫೋನಿನ ಚಿತ್ರ ನೋಡಿ, ಡಬ್ಬಿಯಿಂದ ಬರುವ ನಳಿಕೆಯನ್ನು ವಾಲ್ವಿನಿಂದ ಕಿತ್ತರು. ಕಣ್ಣು ಮುಚ್ಚಿ, ವಾಲ್ವಿನ ಬಾಯಿಗೆ ಹೆಬ್ಬೆರಳು ಇಟ್ಟರು. "ಎಳ್ಯಾಕತ್ತೈತಿ" ಎಂದರು. ನಾನೂ ಇಟ್ಟು ನೋಡಿದೆ. ಕರು ಬೆರಳು ಚೀಪಿದ ಹಾಗಿತ್ತು. ಮುಚ್ಚಿರಬೇಕಾದ ವಾಲ್ವ್ ತೆರೆದೇ ಇತ್ತು. ಪೆಟ್ರೋಲ್ ಹಾಕಿಸುವಾಗ ಏಳುವ ಆವಿಯೆಲ್ಲ ನೇರ ಎಂಜಿನ್ನಿಗೆ ನುಗ್ಗಿ ಅದರ ಉಸಿರು ಕಟ್ಟಿಸುತ್ತಿತ್ತು. ಹದಿನೈದು ದಿನದಿಂದ ನಾನು ಫೋನಿನಲ್ಲಿ ಹುಡುಕುತ್ತಿದ್ದದ್ದು ಅವರಿಗೆ ಒಂದು ಬೆರಳಿಗೆ ಸಿಕ್ಕಿತ್ತು.

ಗಾಡಿ ಬಂದ್ ಮಾಡಿಸಿ, ವಾಲ್ವ್ ಬಿಚ್ಚಿ, ಹೆಗಲ ಮೇಲಿನ ಬಿಳಿ ಟವೆಲ್ಲಿನ ಮೇಲೆ ತಟ್ಟಿದರು. ಕಪ್ಪು ಹರಳು ಉದುರಿದವು.

"ಇದ್ದಲಿ! ಆ ಡಬ್ಬಿ ಕೆಟ್ಟು ಇಲ್ಲೀಮಟ ಬಂದು ವಾಲ್ವಿನ ಬಾಯಾಗ ಸಿಕ್ಕೈತಿ. ಪೆಟ್ರೋಲ್ ಹೆಂಗ ಹಾಕಸ್ತಿ?"

ನಾನು ಹೆಮ್ಮೆಯಿಂದಲೇ ಹೇಳಿದೆ. ಬಂಕಿನ ಪೈಪು ಟಕ್ ಎಂದು ನಿಂತ ಮೇಲೂ ಗಾಡಿ ಅಲ್ಲಾಡಿಸಿ, ಕಂಠಮಟ್ಟ ಹಾಕಿಸುತ್ತೇನೆ. ದಾರಿಯಲ್ಲಿ ಅವ್ವನಿದ್ದಾಗ ಪೆಟ್ರೋಲ್ ತೀರಬಾರದಲ್ಲ.

ಕಾಕಾ ಹಣೆ ಹಿಡಿದುಕೊಂಡರು. "ಟಕ್ ಅಂದ್ರ ಗಾಡಿ ಸಾಕು ಅಂದಂಗ. ನೀ ಬೀಗರಿಗೆ ಬಡಿಸಿದಂಗ ಬಡಸ್ತಿ! ಸಾಕಂದ ಮ್ಯಾಲೂ ಹೋಳಿಗಿ ಹಾಕೋದು ಊಟದಾಗ ಛಲೋ, ಟಾಕ್ಯಾಗಲ್ಲ. ಹೆಚ್ಚಾದ ಪೆಟ್ರೋಲ್ ಆ ಡಬ್ಬ್ಯಾಗ ಹೊಕ್ಕು ಇದ್ದಲಿ ಕೆಡಿಸೈತಿ."

ಅವ್ವನ ಮೇಲಿನ ಕಾಳಜಿಯಿಂದಲೇ ನಾನು ಗಾಡಿ ಕೆಡಿಸಿದ್ದೆ. ಮರುದಿನ ಮುಧೋಳದಿಂದ ಹೊಸ ಡಬ್ಬಿ, ಹೊಸ ವಾಲ್ವ್ ತಂದೆ. ಕಾಕಾ ತಾವೇ ಕೂಡಿಸಿದರು. ಬಂಕಿಗೂ ಜೊತೆಗೆ ಬಂದು, ಪೈಪು ಟಕ್ ಎಂದೊಡನೆ, "ಬಿಡೋ ಕೈ!" ಎಂದು ಕೂಗಿದರು. ಕೂಗಿದ ರಭಸಕ್ಕೆ ಬಂಕಿನವನು ಪೈಪು ಬಿಡುವುದೊಂದು ಬಾಕಿ. ಆಮೇಲೆ ಅವ್ವನ ಡಯಾಲಿಸಿಸ್ಸಿನ ಒಂದು ಪಾಳಿಯೂ ತಪ್ಪಲಿಲ್ಲ.

ಈ ಶ್ರಾವಣದಲ್ಲಿ ಕಾಕಾ ಮಲಗಿದಲ್ಲೇ ಹೋದರು. ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದಾಗ ಸುದ್ದಿ ಬಂತು. ಹನ್ನೊಂದಕ್ಕೆ ಮಣ್ಣು ಕೊಡುವುದು, ಹತ್ತಕ್ಕೆ ಜಮಖಂಡಿಯಲ್ಲಿ ಅವ್ವನ ಪಾಳಿ. ನಾಲ್ಕು ತಾಸು ಅವಳೊಬ್ಬಳನ್ನೇ ಬಿಟ್ಟು ಬರುವಂತಿಲ್ಲ.

"ನೀ ಮಣ್ಣಿಗಿ ಹೋಗು. ನಾ ನಾಳೆ ಹೋದ್ರಾತು" ಎಂದಳು ಅವ್ವ. ಅವಳ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಈ ಒಂದು ಸಲ ಶುರುವಾಗಬೇಡ ಎಂದು ಗಾಡಿಗೆ ಮನಸ್ಸಿನಲ್ಲೇ ಬೇಡಿಕೊಂಡು ಕೀಲಿ ತಿರುವಿದೆ.

ತಿರುವುವುದರೊಳಗೆ ಶುರುವಾಯಿತು. ಕಾಕಾನ ಮಣ್ಣಿಗೆ ನಾನು ಹೋಗಲಿಲ್ಲ.