ದೊಡ್ಡವ್ವನ ಎದೆಯ ನೀಲಿ ಚುಕ್ಕಿಗಳು

ಐವತ್ತರ ದಶಕದಲ್ಲಿ ನಾನು ಹುಣಸೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ತಾಯಿಯ ಅಕ್ಕ, ನನ್ನ ದೊಡ್ಡವ್ವ. ರಜಕ್ಕೆ ಊರಿಗೆ, ಅಂತರಸಂತೆಗೆ, ಹೋದರೆ ಅವಳಿಗೆ ಎಣ್ಣೆನೀರು ಹಾಕುವುದು ನನ್ನ ಕೆಲಸ. ಒಂದು ಸಲ ಎಣ್ಣೆ ಹಚ್ಚುವಾಗ ಎಡ ಮೊಲೆಯ ಮೇಲ್ಭಾಗದಲ್ಲಿ ಅಡಿಕೆಯಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು.

"ಕರಡಿಗೆ ಉಜ್ಜಿ ಉಜ್ಜಿ ಅಂಗಾಗಿರೋದು ಕಣವ್ವ. ನೋವಿಲ್ಲ, ಬುಡು" ಅಂದಳು. ಕೊರಳಲ್ಲಿ ತೂಗುವ ಲಿಂಗದ ಕರಡಿಗೆ ಅಲ್ಲಿ ತಾಗದಿರಲೆಂದು ಶಿವದಾರವನ್ನು ಅವಳೇ ಗಿಡ್ಡ ಮಾಡಿಕೊಂಡಿದ್ದಳು. ಗಂಟು ಯುಗಾದಿಗೂ ಮುಂಚಿನಿಂದ ಇತ್ತಂತೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಮೂರನೇ ದಿನ ಅವಳನ್ನು ಮೈಸೂರಿಗೆ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಇಬ್ಬನಿ. ಬಸ್ಸು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ದೊಡ್ಡವ್ವ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಆ ವಾರವೆಲ್ಲ ನನಗೆ ಈಗಲೂ ಆ ಇಬ್ಬನಿಯೊಳಗಿನಿಂದಲೇ ಕಾಣುತ್ತದೆ.

ಆಸ್ಪತ್ರೆಯ ಲೇಡಿ ಡಾಕ್ಟರು ಮುಟ್ಟಿ ನೋಡಿ, "ಮೊಲೆ ಪೂರ್ತಿ ತೆಗೀಬೇಕು, ಕಂಕುಳವರೆಗೂ" ಅಂದರು. ಆಪರೇಷನ್ ದಿನ ನರ್ಸಮ್ಮ ಕರಡಿಗೆ ತೆಗೆಯಲು ಹೇಳಿದರೆ ದೊಡ್ಡವ್ವ ಒಪ್ಪಲಿಲ್ಲ. ಕೊನೆಗೆ ನಾನೇ ದಾರ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳ ಬಲತೋಳಿಗೆ ಕಟ್ಟಿದೆ. ಮತ್ತಿನ ಔಷಧಿಯ ಸಿಹಿ ವಾಸನೆಯಲ್ಲಿ ನನಗೂ ಕಣ್ಣು ಕೂರುತ್ತಿತ್ತು.

ಕೆಲವು ದಿನ ಬಿಟ್ಟು ರಿಪೋರ್ಟು ತರಲು ಹಿಂದಿನ ಕಟ್ಟಡದ ಲ್ಯಾಬಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಡಾಕ್ಟರು ಕಾಗದ ಕೊಡುವ ಮುನ್ನ, "ನೀವೇನು ಮಾಡ್ತೀರಿ?" ಎಂದು ಕೇಳಿದರು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ ಅಂದೆ.

"ಹಾಗಿದ್ರೆ ಆ ಗಂಟಿನ ಚೂರು ನೋಡಿ" ಎಂದು ಸ್ಟೂಲು ಎಳೆದು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ಮೊದಲು ಬರೀ ಬೆಳಕು. ಆಮೇಲೆ ನೇರಳೆ ಬಣ್ಣದ ದೊಡ್ಡ ಕಣಗಳು, ಒಂದರ ಮೇಲೊಂದು ಬಿದ್ದು ಆಕಾರಗೆಟ್ಟಿದ್ದವು. ಅವುಗಳ ಸುತ್ತ, ಸಂದುಗಳಲ್ಲೆಲ್ಲ, ಗಸಗಸೆ ಚೆಲ್ಲಿದ ಹಾಗೆ ಚಿಕ್ಕ ಗುಂಡು ನೀಲಿ ಚುಕ್ಕಿಗಳು.

"ನೀಲಿಯವೇ ಕಾಯಿಲೆನಾ ಸಾರ್?"

"ಅಲ್ಲಮ್ಮ. ಕಾಯಿಲೆ ಆ ದೊಡ್ಡವು. ನೀಲಿ ಕಾಣೋದು ರಕ್ತದ ಬಿಳಿಕಣಗಳು, ನಾವು ಬಣ್ಣ ಹಾಕಿರೋದ್ರಿಂದ ಹಾಗೆ ಕಾಣ್ತವೆ. ಗಂಟಿನ ವಿರುದ್ಧ ಮೈಯೇ ಕಳಿಸಿರೋದು."

"ಇವು ಕಾಯಿಲೇನ ಗೆಲ್ತವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪೂರ್ತಿ ಗೊತ್ತಿಲ್ಲ. ಇವು ಹೀಗೆ ದಟ್ಟವಾಗಿ ಕೂತಿದ್ದೋರಲ್ಲಿ ಕೆಲವರು ಬಹಳ ವರ್ಷ ಬದುಕಿದಾರೆ. ಎಲ್ಲರೂ ಅಲ್ಲ. ಭರವಸೆ ಅಂತ ತಗೋಬೇಡಿ."

ನಾನು ಎದ್ದೇಳಲಿಲ್ಲ. ಅವರೂ ಏಳಿಸಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಒರಗಿಸಿಕೊಂಡು ಮಲಗಿಸಿದ ಎದೆಯನ್ನು ಗಾಜಿನ ಚೂರಿನ ಮೇಲೆ ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ.

ವಾರ್ಡಿನಲ್ಲಿ ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. "ಏನಂದ್ರವ್ವ?" ಎಂದು ಕೇಳಿದಳು. ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಡಾಕ್ಟರು ಭರವಸೆ ಬೇಡ ಅಂದದ್ದನ್ನೂ ಮುಚ್ಚಿಡಲಿಲ್ಲ.

ಅವಳು ಮುಖವನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ನಾನು ಸೆರಗು ಮುಚ್ಕೊಂಡು ಸುಮ್ನೆ ಕುಂತಿದ್ದೆ. ನನ್ನ ಕೇಳ್ದೆನೇ ಬಂದಿದ್ವಾ ಅವು?" ಅಂದಳು. ಅವಳ ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಸೇರಿತು. ಆ ಕಾಯಿಲೆಯಲ್ಲಿ ಅವಳು ಅತ್ತದ್ದು ಅದೊಂದೇ ಸಲ.

ಗಾಯ ಮಾಯಿತು. ಎಡಗೈ ಊದಿಕೊಂಡು ಹಾಗೇ ಉಳಿಯಿತು, ಬಳೆ ಏರುತ್ತಿರಲಿಲ್ಲ. ಆದರೆ ಗಂಟು ಮತ್ತೆ ಬರಲಿಲ್ಲ. ಉಳಿಸಿದ್ದು ಡಾಕ್ಟರ ಚಾಕುವೋ ಆ ಚುಕ್ಕಿಗಳೋ ನನಗೆ ತಿಳಿಯದು. ಎರಡೂ ಇರಬಹುದು. ಅವಳು ಬಹಳ ವರ್ಷ ಬಾಳಿದಳು.

ನಾಚಿಕೆ ಮಾತ್ರ ಹೊರಟುಹೋಗಿತ್ತು. ಸಂತೆಯಲ್ಲಿ ಹೆಂಗಸರನ್ನು ಪಕ್ಕಕ್ಕೆ ಕರೆದು, "ಮೈ ತೊಳ್ಕೊಳ್ಳೋವಾಗ ಮುಟ್ಟಿ ನೋಡ್ಕೊಳ್ರವ್ವ" ಎನ್ನುತ್ತಿದ್ದಳು. ಕೆಲವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಎರಡು ವರ್ಷದ ಮೇಲೆ ಎನ್. ಬೇಗೂರಿನಿಂದ ಕೂಲಿ ಹೆಂಗಸೊಬ್ಬಳು ತನಗೂ ಗಂಟು ಸಿಕ್ಕಿದೆಯೆಂದು ಅವಳನ್ನು ಹುಡುಕಿಕೊಂಡು ಬಂದಳು. ನಾನೂ ಊರಲ್ಲಿದ್ದೆ. ದೊಡ್ಡವ್ವ ಅವಳನ್ನು ಒಳಗೆ ಕರೆದು, ಬಾಗಿಲು ಮುಂದೆಮಾಡಿ, ತನ್ನ ರವಿಕೆ ಬಿಚ್ಚಿ ಮಾಯ್ದ ಕಲೆಯನ್ನು ತೋರಿಸಿದಳಂತೆ.

ಮರುದಿನ ಬೆಳಿಗ್ಗೆ ಇಬ್ಬರೂ ಮೈಸೂರಿನ ಬಸ್ಸು ಹತ್ತಿದರು. ನಾನು ಬರುತ್ತೇನೆಂದರೆ, "ನೀನ್ಯಾಕೆ? ನಂಗೆ ದಾರಿ ಗೊತ್ತು" ಅಂದಳು.